ಅಕ್ಕಿಯು ನಿಂದೆಯಾದ ಬಗೆ

ಮೋಟಾರುಪ್ರಿಯರ ಇಂಗ್ಲಿಷಿನಲ್ಲಿ ‘ರೈಸರ್’ ಎಂಬುದೊಂದು ಬೈಗುಳ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸದೆ, ಹಿಂಬದಿಗೆ ರೆಕ್ಕೆಯನ್ನೂ ಆರ್ಭಟಿಸುವ ಹೊಗೆಕೊಳವೆಯನ್ನೂ ಮೈತುಂಬ ಸ್ಟಿಕ್ಕರುಗಳನ್ನೂ ತೊಡಿಸಿದ ಕಾರಿಗೆ ಅದು ಸಲ್ಲುತ್ತದೆ. ‘ರೇಸ್’ ಶಬ್ದದಿಂದಾದ ಸಂಕ್ಷೇಪವೆಂದು ಕೆಲವರು ಹೇಳುವುದುಂಟು. ಅದು ಅನಂತರ ಹುಟ್ಟಿದ ಸಮರ್ಥನೆಯೆಂದೇ ನಾವು ಭಾವಿಸುತ್ತೇವೆ. ಮೂಲಪದ ‘ರೈಸ್ ಬರ್ನರ್’, ಎಂದರೆ ಅಕ್ಕಿಯನ್ನು ಉರಿಸುವ ಯಂತ್ರ. 1959ರಲ್ಲಿ ಹೋಂಡಾ ಸಂಸ್ಥೆಯು ಅಮೆರಿಕದಲ್ಲಿ ಮಾರಾಟಕ್ಕಿಳಿದ ಮೇಲೆ ಜಪಾನಿನ ಅಗ್ಗದ ಮೋಟಾರುಸೈಕಲ್ಲುಗಳು ಅಲ್ಲಿನ ಪೇಟೆಯಲ್ಲಿ ಹರಡಿದವು. ಅವುಗಳ ಮೇಲಣ ಅಸಹನೆಯೂ ಅನ್ನವುಣ್ಣುವ ಜನರ ಮೇಲಣ ತಾತ್ಸಾರವೂ ಈ ಮಾತಿನಲ್ಲಿ ಕೂಡಿಕೊಂಡವು. ಮುಂದೆ ಅದು ಜಪಾನಿನ ಕಾರುಗಳಿಗೂ, ಕಡೆಗೆ ಯಾವ ದೇಶದ ಕಾರಿನ ಆಡಂಬರಕ್ಕಾದರೂ ಅಂಟಿತು.

ಕೋಲಾರ ತಾಲ್ಲೂಕಿನ ಕ್ಯಾಲನೂರಿನಂತಹ ಊರಿನಿಂದ ನೋಡಿದರೆ ಈ ನಿಂದೆ ವಿಚಿತ್ರವಾಗಿ ತೋರುತ್ತದೆ. ಇದು ರಾಗಿಯ ಸೀಮೆ. ಹಿಂದೆ ಇಲ್ಲಿ ಅನ್ನವೆಂದರೆ ಹಬ್ಬದ ಊಟ, ಅನುಕೂಲಸ್ಥರ ಗುರುತು. ಅಲ್ಲಿ ಹೀನಾಯಕ್ಕೊಳಗಾದ ಧಾನ್ಯಕ್ಕೆ ಇಲ್ಲಿ ಮರ್ಯಾದೆಯಿತ್ತು. ಇದೇ ತಾಲ್ಲೂಕಿನ ನರಸಾಪುರದಲ್ಲಿ 2013ರಿಂದ ಹೋಂಡಾ ದ್ವಿಚಕ್ರ ವಾಹನಗಳೇ ತಯಾರಾಗುತ್ತಿವೆ ಎಂಬುದೂ ಗಮನಾರ್ಹ.

ಇಂತಹ ಮೋಹಕ್ಕೆ ಕನ್ನಡದಲ್ಲಿ ಸಲ್ಲುವ ಮಾತು ‘ಶೋಕಿ’. ಆಸೆ ಎಂಬರ್ಥದ ಅರಬ್ಬಿಯ ‘ಶೌಕ್’ ಅದರ ಮೂಲ. ಅದು ನಡತೆಯನ್ನು ಹಳಿಯುತ್ತದೆಯೇ ಹೊರತು ಯಾರ ಊಟವನ್ನೂ ಅಲ್ಲ. ಎರಡು ಪದಗಳೂ ಒಂದೇ ಕಾರನ್ನು ತೋರಬಹುದು. ಆದರೆ ಮೊದಲನೆಯದನ್ನು ಎರವು ತರುವವರು ಅದರೊಡನೆ ಬರುವ ಹಳೆಯ ಹಗೆಯನ್ನೂ ಅರಿತಿರಬೇಕು.