ಎಡೆದೊರೆ ನಾಡಿನ ಬಿಡುವು

ಕೃಷ್ಣಾ-ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ ಬಿಡುವಿನ ಚರಿತ್ರೆಯನ್ನು ಅರಸಹೊರಟವರಿಗೆ ಮೊದಲು ದೊರೆಯುವುದು ಅರಸರ ಬಿಡುವೇ. ‘ದೇವಾನಾಂಪ್ರಿಯ’ನೇ ಅಶೋಕನೆಂಬುದನ್ನು ಖಚಿತಪಡಿಸಿದ ಮಸ್ಕಿಯ ಶಾಸನವನ್ನು 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಪತ್ತೆಹಚ್ಚಿದನು. ಅದೇ ಅಶೋಕನು ತನ್ನ ಎಂಟನೆಯ ಬಂಡೆಶಾಸನದಲ್ಲಿ, ಹಿಂದಿನ ಅರಸರ ಬೇಟೆ ಮೊದಲಾದ ವಿಹಾರಯಾತ್ರೆಗಳಿಗೆ ಬದಲಾಗಿ ತಾನು ಧರ್ಮಯಾತ್ರೆಯನ್ನು ಕೈಗೊಂಡುದನ್ನು ಹೇಳುತ್ತಾನೆ; ವೃದ್ಧರ ದರ್ಶನವೂ ಅದರ ಭಾಗವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ರಾಜವಿನೋದಗಳನ್ನೂ ಕ್ರೀಡೆಗಳನ್ನೂ ವಿಸ್ತಾರವಾಗಿ ವರ್ಣಿಸಿತು.

ಒಕ್ಕಲುಮಕ್ಕಳ ಬಿಡುವಿಗೆ ಅಂತಹ ಗ್ರಂಥವಿಲ್ಲ. ಅದನ್ನು ಬೆಳೆಯ ಲೆಕ್ಕದಲ್ಲಿಯೇ ಓದಬೇಕು. ಎರೆಭೂಮಿಯಲ್ಲಿ ಹಿಂಗಾರಿ ಜೋಳದ ರಾಶಿ ಮುಗಿದರೆ ಮುಂಗಾರಿನವರೆಗೆ ಹೊಲದಲ್ಲಿ ಹೆಚ್ಚು ಕೆಲಸವಿರುತ್ತಿರಲಿಲ್ಲ. ಜಾತ್ರೆ, ಭಜನೆ, ದೊಡ್ಡಾಟಗಳಿಗೆ ಒದಗಿದ ಕಾಲವದು. ದೊಡ್ಡಾಟವೆಂದರೆ ಒಂದು ರಾತ್ರಿಯ ಆಟ ಮಾತ್ರವಲ್ಲ, ಅದಕ್ಕೂ ಮುನ್ನ ನಡೆಯುವ ದೀರ್ಘವಾದ ತಾಲೀಮು. ಹಿರಿಯರು ಹೇಳಿಕೊಟ್ಟ ಮಾತು, ಪದ, ಕುಣಿತಗಳನ್ನು ಹದಿಹರೆಯದವರು ಬಾಯಿಪಾಠ ಮಾಡುತ್ತಿದ್ದರು. ಅಕ್ಷರ ಬಾರದವನಿಗೂ ಪುರಾಣ ದಕ್ಕುತ್ತಿದ್ದುದು ಹೀಗೆಯೇ. ಇಬ್ಬರಿಗೂ ಬಿಡುವು ಏಕಕಾಲಕ್ಕೆ ದೊರೆಯುತ್ತಿತ್ತೆಂಬುದೇ ಇಲ್ಲಿ ಮುಖ್ಯ. ಜನಪದ ಅಧ್ಯಯನಗಳು ಪಠ್ಯಕ್ಕೆ ಕೊಟ್ಟ ಗಮನವನ್ನು ಈ ಸಮಯಕ್ಕೆ ಕೊಟ್ಟಿಲ್ಲ.

1953ರಲ್ಲಿ ತುಂಗಭದ್ರಾ ಜಲಾಶಯವು ಸಿದ್ಧವಾಗಿ, ಮುಂದೆ ಎಡದಂಡೆ ಕಾಲುವೆಯ ನೀರು ಸಿಂಧನೂರಿಗೆ ಹರಿದಾಗ ಈ ಲೆಕ್ಕ ತಪ್ಪಿತು. ಜೋಳದ ನೆಲ ಭತ್ತದ ಗದ್ದೆಯಾಯಿತು. ನೀರು ಸಾಕಷ್ಟಿದ್ದ ವರ್ಷಗಳಲ್ಲಿ ಬೇಸಿಗೆಯೂ ಎರಡನೆಯ ಬೆಳೆಯ ಕಾಲವಾಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಂತೂ ದುಡಿಮೆ-ಬಿಡುವುಗಳನ್ನು ನಿರ್ಧರಿಸುವುದು ಪಾಳಿ. ಶಾಲಾ ಕಾಲೇಜುಗಳು ಎಳೆಯರಿಗೆ ಬೇರೆಯದೇ ರಜೆಯನ್ನು ಕೊಟ್ಟವು. ತಾಲೀಮಿಗೆ ಕಲಿಸುವವನ ಸಂಜೆಯೂ ಕಲಿಯುವವನ ಸಂಜೆಯೂ ಕೂಡಿಬರುವುದು ಕಷ್ಟವಾಯಿತು. ನೀರಾವರಿಯಿಂದ ಬಂದ ಅನ್ನವನ್ನು ಹಳಿಯುವಂತಿಲ್ಲ. ಆದರೆ ದೊಡ್ಡಾಟ ಸೊರಗಿದ್ದಕ್ಕೆ ಸಿನಿಮಾವೊಂದನ್ನೇ ಹೊಣೆಯಾಗಿಸುವುದೂ ಸರಿಯಲ್ಲ.

ಲಿಂಗಸುಗೂರು ತಾಲ್ಲೂಕಿನದೇ ಆದ ಮುದಗಲ್ಲಿನ ಮೊಹರಂ ಬೆಳೆಯ ಲೆಕ್ಕಕ್ಕೆ ಸಿಲುಕಿದ್ದಲ್ಲ. ಹಿಂದೂ ಮುಸ್ಲಿಮರಿಬ್ಬರೂ ಸೇರುವ ಈ ಆಚರಣೆ ಚಾಂದ್ರಮಾನದಂತೆ ವರ್ಷವರ್ಷವೂ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹದಿನೈದರ ಹರೆಯದಲ್ಲಿ ಸುಗ್ಗಿಯ ದಿನಗಳಲ್ಲಿ ಹೆಜ್ಜೆ ಹಾಕಿದವನಿಗೆ ಮತ್ತೆ ಸುಗ್ಗಿಯಲ್ಲಿ ಮೊಹರಂ ಎದುರಾಗುವುದು ನಲವತ್ತೆಂಟರ ಆಸುಪಾಸಿನಲ್ಲಿ. ಆ ವೇಳೆಗೆ ಅವನು ರಿವಾಯತು ಪದ ಹೇಳಿಕೊಡುವ ಹಿರಿಯನಾಗಿರುತ್ತಾನೆ.