ಉಸಿರು ಹೊರುವ ಕೆಂಪುಕಣ

ಹೊಸಂಗಡಿಯಿಂದ ಬಸ್ಸಿನಲ್ಲಿ ಹುಲಿಕಲ್ ಘಾಟಿ ಹತ್ತುವವರಿಗೆ ಎಂಜಿನ್ನಿನ ಏದುಸಿರು ಕೇಳಿಸುತ್ತದೆ. ಅದೇ ಏರನ್ನು ನಾಲ್ಕು ತಿರುವು ನಡೆದು ನೋಡಿ. ಏದುಸಿರು ನಮ್ಮದಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕ ಕೇಳುತ್ತಿವೆ. ಅದನ್ನು ತಲುಪಿಸಬೇಕಾದದ್ದು ರಕ್ತ.

ಉಸಿರಿಗೂ ರಕ್ತಕ್ಕೂ ಇರುವ ಈ ನಂಟು ತಿಳಿಯಲು ಬಹಳ ಕಾಲ ಹಿಡಿಯಿತು. ರಕ್ತ ದೇಹವನ್ನು ಸುತ್ತುತ್ತದೆ ಎಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ. ಏಕೆ ಸುತ್ತುತ್ತದೆ? ಆತನಿಗೆ ಉತ್ತರ ಸಿಗುವಂತಿರಲಿಲ್ಲ. ಆಮ್ಲಜನಕದ ಪತ್ತೆಯಾದದ್ದೇ 1770ರ ದಶಕದಲ್ಲಿ. 1864ರಲ್ಲಿ ಜರ್ಮನಿಯ ಹೊಪ್ಪೆ-ಸೈಲರ್ ರಕ್ತದ ಕೆಂಪು ವಸ್ತುವಿಗೆ ಹಿಮೊಗ್ಲೋಬಿನ್ ಎಂದು ಹೆಸರಿಟ್ಟ. ಆಮ್ಲಜನಕ ಸೇರಿದಾಗ ಮತ್ತು ಬಿಟ್ಟಾಗ ಅದರ ಬಣ್ಣ ಬದಲಾಗುವುದನ್ನು ಅದೇ ವರ್ಷ ಜಾರ್ಜ್ ಸ್ಟೋಕ್ಸ್ ತೋರಿಸಿದ.

ಹಿಮೊಗ್ಲೋಬಿನ್ ಅಣುವನ್ನು ನಾಲ್ಕೇ ಸೀಟಿನ ಜೀಪು ಎಂದು ಮಕ್ಕಳಿಗೆ ಹೇಳಬಹುದು. ಒಂದೊಂದು ಸೀಟಿಗೂ ಒಂದು ಕಬ್ಬಿಣದ ಪರಮಾಣು. ಅದನ್ನು ಹಿಡಿದು ಆಮ್ಲಜನಕ ಕೂರುತ್ತದೆ. ಶ್ವಾಸಕೋಶದಲ್ಲಿ ಹತ್ತಿ, ಆಮ್ಲಜನಕದ ಕೊರತೆ ಇರುವಲ್ಲಿ ಇಳಿಯುತ್ತದೆ. ಒಬ್ಬ ಪ್ರಯಾಣಿಕ ಕೂತರೆ ಮುಂದಿನವನಿಗೆ ಹತ್ತುವುದು ಇನ್ನೂ ಸುಲಭ. (ನಮ್ಮ ಮಲೆನಾಡಿನ ಜೀಪುಗಳಲ್ಲಿ ಹಾಗಲ್ಲ!) ಒಂದೇ ಕೆಂಪುಕಣದೊಳಗೆ ಇಂಥ ಸುಮಾರು 27 ಕೋಟಿ ಜೀಪುಗಳಿವೆ. ಕಣದ ಆಯುಸ್ಸು ಸುಮಾರು 120 ದಿನ. ದೇಹಕ್ಕೆ ಕಬ್ಬಿಣ ಸಾಲದಿದ್ದರೆ ಜೀಪುಗಳೂ ಕಡಿಮೆ. ರಕ್ತಹೀನತೆ ಇರುವವರಿಗೆ ಮನೆಯ ಮೆಟ್ಟಿಲೂ ಘಾಟಿಯೇ.

ಜೀಪಿನ ಕಟ್ಟಣೆಯಲ್ಲೇ ದೋಷವಿದ್ದರೆ? ಇದೇ ಪಶ್ಚಿಮಘಟ್ಟದ ಸಾಲಿನಲ್ಲಿ ದಕ್ಷಿಣಕ್ಕೆ ಹೋದರೆ ಅದರ ಉದಾಹರಣೆ ಸಿಗುತ್ತದೆ. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಶ್ ನೀಲಗಿರಿಯ ಗಿರಿಜನರಲ್ಲಿ 'ಕುಡುಗೋಲು ಕಣ'ದ ಗುಣವನ್ನು ಗುರುತಿಸಿದರು. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಗಿರಿಜನರಲ್ಲೂ ಇದು ಇದೆ. ಆಮ್ಲಜನಕ ಇಳಿದ ಮೇಲೆ ಹಿಮೊಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು, ಎದೆಯಲ್ಲಿ ತಡೆಯಲಾರದ ನೋವು.

ತಂದೆ ತಾಯಿ ಇಬ್ಬರಿಂದಲೂ ಈ ದೋಷ ಬಂದ ಮಗುವಿಗೆ ಕಾಯಿಲೆ. ಒಬ್ಬರಿಂದಷ್ಟೇ ಬಂದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮಲೇರಿಯಾದಿಂದ ಒಂದಿಷ್ಟು ರಕ್ಷಣೆಯೂ ಉಂಟು. ಮಲೇರಿಯಾದ ಕಾಡುಗಳಲ್ಲಿ ಈ ಗುಣ ತಲೆಮಾರುಗಳಿಂದ ಉಳಿದುಬಂದಿರುವುದು ಅದಕ್ಕೇ. ಆದರೆ ಅಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಇದರ ತಪಾಸಣೆಗಾಗಿ ಕೇಂದ್ರ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಆರಂಭಿಸಿತು. ಮೊದಲ ಪರೀಕ್ಷೆಗೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು.