ಹಳೆಯ ಕಾರಿನ ಡಿಕ್ಕಿ ತೆರೆಯದಿದ್ದಾಗ: ವಿದ್ಯುತ್ ಬೀಗದ ದೋಷ ಪತ್ತೆಹಚ್ಚುವ ಕ್ರಮ

ಆಸನದಲ್ಲಿ ಕುಳಿತೇ ಗುಂಡಿಯೊತ್ತಿ ಕಾರಿನ ಡಿಕ್ಕಿ ತೆರೆಯುವ ಸೌಲಭ್ಯ ಇಂದು ಸರ್ವೇಸಾಮಾನ್ಯ. ಆದರೆ 1960 ಹಾಗೂ 70ರ ದಶಕಗಳ ಅಮೆರಿಕದ ಅನೇಕ ಕಾರುಗಳಲ್ಲಿ ಇದು ಹೆಚ್ಚುವರಿ ಹಣ ತೆತ್ತು ಪಡೆಯಬೇಕಾದ ಸೌಕರ್ಯವಾಗಿತ್ತು. ಅಮೆರಿಕನ್ನರು ಟ್ರಂಕ್ ಎಂದೂ ಬ್ರಿಟಿಷರು ಬೂಟ್ ಎಂದೂ ಕರೆಯುವ ಈ ಭಾಗದ ಗುಂಡಿಯನ್ನು ಬಹುಮಟ್ಟಿಗೆ ಗ್ಲೋವ್ ಬಾಕ್ಸ್‌ನೊಳಗೆ ಅಳವಡಿಸಲಾಗುತ್ತಿತ್ತು. ಅರ್ಧ ಶತಮಾನದ ಬಳಿಕ ಆ ಗುಂಡಿ ಒತ್ತಿದರೆ ಏನೂ ಆಗದಿರುವುದು ಹಳೆಯ ಕಾರುಗಳ ಒಡೆಯರಿಗೆ ಚಿರಪರಿಚಿತ ತಲೆನೋವು.

ಮೊದಲು ತಿಳಿಯಬೇಕಾದುದು ವ್ಯವಸ್ಥೆಯ ಬಗೆ. ಆ ಕಾಲದ ಕೆಲವು ಕಾರುಗಳಲ್ಲಿ ಬೀಗವನ್ನು ಎಳೆಯುತ್ತಿದ್ದುದು ವಿದ್ಯುತ್ತಲ್ಲ, ಎಂಜಿನ್ ಉಂಟುಮಾಡುವ ನಿರ್ವಾತದ ಬಲ. ಬೀಗದ ಬಳಿಗೆ ರಬ್ಬರ್ ಕೊಳವೆ ಬಂದಿದ್ದರೆ ಅದು ನಿರ್ವಾತದ್ದು. ತಂತಿ ಬಂದಿದ್ದರೆ ವಿದ್ಯುತ್ತಿನದು.

ಕೆಲಸ ಮಾಡುವ ಬಗೆ

ವಿದ್ಯುತ್ ವ್ಯವಸ್ಥೆ ಸರಳವಾದುದು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸ್, ಗುಂಡಿ ಹಾಗೂ ಕಾರಿನ ಉದ್ದಕ್ಕೂ ಹಾದ ತಂತಿಯ ಮೂಲಕ ಸೊಲೆನಾಯ್ಡ್ ತಲುಪುತ್ತದೆ. ಅಲ್ಲಿನ ತಾಮ್ರದ ಸುರುಳಿ ಅಯಸ್ಕಾಂತವಾಗಿ ಕಬ್ಬಿಣದ ಸರಳನ್ನು ಸೆಳೆಯುತ್ತದೆ. ಸರಳು ಬೀಗದ ಕೊಕ್ಕೆಯನ್ನು ಬಿಡಿಸುತ್ತದೆ. ಅನೇಕ ಮಾದರಿಗಳಲ್ಲಿ ವಿದ್ಯುತ್ತು ಹಿಂದಿರುಗುವುದು ಪ್ರತ್ಯೇಕ ತಂತಿಯಲ್ಲಲ್ಲ, ಕಾರಿನ ಲೋಹದ ಮೈಯಲ್ಲಿ. ಕೆಲವು ಕಾರುಗಳಲ್ಲಿ ಇಗ್ನಿಷನ್ ಕೀಲಿ ತಿರುಗಿಸಿದ್ದರೆ ಮಾತ್ರ ಗುಂಡಿಗೆ ಜೀವ ಬರುತ್ತದೆ ಎಂಬುದನ್ನು ಮರೆಯಬಾರದು.

ಕಿವಿಯಿಂದ ಮೊದಲ ಪರೀಕ್ಷೆ

ಒಬ್ಬರು ಗುಂಡಿ ಒತ್ತಬೇಕು, ಇನ್ನೊಬ್ಬರು ಡಿಕ್ಕಿಯ ಬಳಿ ನಿಂತು ಆಲಿಸಬೇಕು. 'ಟಕ್' ಎಂಬ ಗಟ್ಟಿ ಸದ್ದು ಬಂದರೂ ಮುಚ್ಚಳ ಏಳದಿದ್ದರೆ ದೋಷ ಯಾಂತ್ರಿಕವಾದುದು. ಒತ್ತುತ್ತಿರುವಾಗಲೇ ಮುಚ್ಚಳವನ್ನು ಕೈಯಿಂದ ತುಸು ಕೆಳಗೆ ಅದುಮಿದರೆ ತೆರೆದುಕೊಳ್ಳುವುದಾದಲ್ಲಿ, ಹೊಸದಾಗಿ ಹಾಕಿದ ದಪ್ಪನೆಯ ರಬ್ಬರ್ ಅಂಚು ಅಥವಾ ಸಾಲು ತಪ್ಪಿದ ಕೊಕ್ಕೆ ಬೀಗದ ಮೇಲೆ ಅತಿಯಾದ ಒತ್ತಡ ಹೇರುತ್ತಿದೆ ಎಂದರ್ಥ. ಒಣಗಿದ ಹಳೆಯ ಗ್ರೀಸ್ ತೆಗೆದು ಹೊಸದನ್ನು ಹಚ್ಚಿ, ಕೊಕ್ಕೆಯನ್ನು ಸರಿಹೊಂದಿಸಿದರೆ ಸಾಕು.

ಸದ್ದೇ ಇಲ್ಲದಿದ್ದರೆ ಅಥವಾ ಕ್ಷೀಣವಾಗಿದ್ದರೆ ವಿದ್ಯುತ್ ಮಾರ್ಗವನ್ನು ಶೋಧಿಸಬೇಕು. ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದು ಸರಿಯಿದ್ದರೆ ಫ್ಯೂಸ್, ಬಳಿಕ ಗುಂಡಿ, ಕೊನೆಗೆ ಸೊಲೆನಾಯ್ಡ್ ಎಂಬ ಕ್ರಮದಲ್ಲಿ ಸಾಗಬೇಕು. ಸುಟ್ಟ ಫ್ಯೂಸ್ ಜಾಗದಲ್ಲಿ ಹೆಚ್ಚು ಆಂಪಿಯರ್‌ನದನ್ನು ಹಾಕುವುದು ಹಳೆಯ ತಂತಿಗಳಿಗೆ ಬೆಂಕಿಯನ್ನು ಆಹ್ವಾನಿಸಿದಂತೆ.

ದಾರಿತಪ್ಪಿಸುವ ಮಾಪನ

ಇಲ್ಲಿ ಅನೇಕರು ಎಡವುತ್ತಾರೆ. ಸೊಲೆನಾಯ್ಡ್‌ನಿಂದ ಕಳಚಿದ ತಂತಿಗೆ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಕಾಣಿಸುತ್ತದೆ. ತಂತಿ ಸರಿಯಿದೆಯೆಂದು ಭಾವಿಸಿ ಸೊಲೆನಾಯ್ಡ್ ಬದಲಿಸಲಾಗುತ್ತದೆ, ದೋಷ ಮಾತ್ರ ಉಳಿಯುತ್ತದೆ. ಮೀಟರ್ ಅತ್ಯಲ್ಪ ವಿದ್ಯುತ್ತನ್ನಷ್ಟೇ ಸೆಳೆಯುವುದರಿಂದ ತುಕ್ಕು ಹಿಡಿದ ಸಂಪರ್ಕವೂ ಅದಕ್ಕೆ ಆರೋಗ್ಯವಂತನಂತೆ ತೋರುತ್ತದೆ. ಆದ್ದರಿಂದ ತಂತಿಯನ್ನು ಜೋಡಿಸಿಯೇ, ಗುಂಡಿ ಒತ್ತಿದ ಕ್ಷಣದಲ್ಲಿ ಅಳೆಯಬೇಕು.

ಲೆಕ್ಕವೊಂದು ಇದನ್ನು ಸ್ಪಷ್ಟಪಡಿಸುತ್ತದೆ. ಸುರುಳಿಯ ರೋಧ 1.2 ಓಮ್ ಎಂದುಕೊಂಡರೆ 12 ವೋಲ್ಟ್‌ನಲ್ಲಿ 10 ಆಂಪಿಯರ್ ಹರಿಯುತ್ತದೆ. ತುಕ್ಕಿನಿಂದ ಮಾರ್ಗದಲ್ಲಿ 1 ಓಮ್ ಸೇರಿಕೊಂಡರೆ ವಿದ್ಯುತ್ತು ಸುಮಾರು 5.5 ಆಂಪಿಯರ್‌ಗೆ ಇಳಿಯುತ್ತದೆ. ಸೆಳೆತದ ಬಲ ವಿದ್ಯುತ್ತಿನ ವರ್ಗಕ್ಕೆ ಸರಿಸುಮಾರು ಅನುಗುಣವಾಗಿರುವುದರಿಂದ ಉಳಿಯುವುದು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಸರಳು ಅಲುಗಾಡಿ ಸುಮ್ಮನಾಗುವುದು ಇದರಿಂದಲೇ.

ಒತ್ತಿದಾಗ ಸೊಲೆನಾಯ್ಡ್‌ನ ಕವಚಕ್ಕೂ ಬ್ಯಾಟರಿಯ ಋಣ ತುದಿಗೂ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡುಬಂದರೆ, ದೋಷ ಹಿಂದಿರುಗುವ ಮಾರ್ಗದಲ್ಲಿದೆ. ಮರುಬಣ್ಣ ಬಳಿದ ಕಾರುಗಳಲ್ಲಿ ಬೋಲ್ಟ್‌ಗಳ ಕೆಳಗಿನ ಬಣ್ಣವೇ ವಿದ್ಯುತ್ತಿಗೆ ತಡೆಯಾಗುವುದುಂಟು. ಅಲ್ಲಿ ಕೆರೆದು ಹೊಳೆಯುವ ಲೋಹ ಕಾಣುವಂತೆ ಮಾಡಬೇಕು. ತಂತಿ ಮುಚ್ಚಳವನ್ನು ಪ್ರವೇಶಿಸುವ ಕೀಲಿನ ಬಳಿ ಸಾವಿರಾರು ಬಾರಿ ಬಾಗಿ, ಹೊದಿಕೆಯ ಒಳಗೇ ತುಂಡಾಗಿರುವ ಸಾಧ್ಯತೆಯೂ ಉಂಟು.

ಎಚ್ಚರಿಕೆಗಳು

ಸೊಲೆನಾಯ್ಡ್ ಕ್ಷಣಮಾತ್ರದ ಕೆಲಸಕ್ಕೆ ರೂಪಿಸಿದ್ದು. ಗುಂಡಿಯನ್ನು ಒತ್ತಿಹಿಡಿದರೆ ಸುರುಳಿ ಸುಡುತ್ತದೆ. ತಂತಿ ದುರಸ್ತಿಗೆ ಮುನ್ನ ಬ್ಯಾಟರಿಯ ಋಣ ಸಂಪರ್ಕ ಕಳಚಬೇಕು. ಫೋರ್ಡ್ ಮಸ್ಟಾಂಗ್‌ನ ಆರಂಭಿಕ ಮಾದರಿಗಳಲ್ಲಿ ಇಂಧನ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಅಂಥಲ್ಲಿ ಪೆಟ್ರೋಲ್ ವಾಸನೆ ಬಂದರೆ ಒಂದು ಕಿಡಿಯೂ ಅಪಾಯ. ದುರಸ್ತಿಯ ನಂತರ ಮುಚ್ಚಳವನ್ನು ತೆರೆದಿಟ್ಟೇ, ಸ್ಕ್ರೂಡ್ರೈವರ್‌ನಿಂದ ಬೀಗ ಹಾಕಿ, ಗುಂಡಿಯಿಂದ ಅದು ಬಿಡುವುದನ್ನು ಹಲವು ಬಾರಿ ಖಚಿತಪಡಿಸಿಕೊಂಡ ಬಳಿಕವೇ ಮುಚ್ಚಬೇಕು. ಕೀಲಿಯ ರಂಧ್ರವನ್ನು ಅಂದಕ್ಕಾಗಿ ಮುಚ್ಚಿಸಿ ವಿದ್ಯುತ್ತೊಂದನ್ನೇ ನಂಬುವುದು ವಿವೇಕವಲ್ಲ.

ಇದು ಕೇವಲ ಅನುಕೂಲದ ಪ್ರಶ್ನೆಯೂ ಅಲ್ಲ. 1998ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ನಡೆದ ಮೂರು ಪ್ರತ್ಯೇಕ ದುರಂತಗಳಲ್ಲಿ, ಕಾರಿನ ಡಿಕ್ಕಿಯಲ್ಲಿ ಸಿಲುಕಿದ 11 ಮಕ್ಕಳು ಪ್ರಾಣ ಕಳೆದುಕೊಂಡರು. ಇದರ ಹಿನ್ನೆಲೆಯಲ್ಲಿ, 2001ರ ಸೆಪ್ಟೆಂಬರ್ 1ರಿಂದ ಡಿಕ್ಕಿಯುಳ್ಳ ಹೊಸ ಕಾರುಗಳಲ್ಲಿ ಒಳಗಿನಿಂದಲೇ ಬೀಗ ಬಿಡಿಸುವ, ಕತ್ತಲಲ್ಲೂ ಕಾಣುವ ಸಾಧನವನ್ನು ಅಲ್ಲಿ ಕಡ್ಡಾಯಗೊಳಿಸಲಾಯಿತು. ಅದಕ್ಕೂ ಹಿಂದಿನ ಕಾರುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಬೀಗ ಹೇಗೂ ಬಿಚ್ಚಿರುವಾಗ, ಬ್ಯಾಟರಿಯ ಹಂಗಿಲ್ಲದೆ ಒಳಗಿನಿಂದ ಎಳೆಯಬಹುದಾದ ಹೊಳೆಯುವ ಹಿಡಿಕೆಯೊಂದನ್ನು ಕೊಕ್ಕೆಗೆ ಜೋಡಿಸುವುದು ದೊಡ್ಡ ಕೆಲಸವೇನಲ್ಲ. ಮಕ್ಕಳಿರುವ ಮನೆಯಲ್ಲಿ ಹಳೆಯ ಕಾರನ್ನು ಇಟ್ಟುಕೊಂಡವರು ಇದನ್ನು ಮೊದಲು ಮಾಡಬೇಕು.